ಗುಡ್ಡದ ಹಣ್ಣಿಗೆ ಹೂಡುವ ಹಣ



ಮಲೆನಾಡಿನ ಹಳ್ಳಿಗಳಿಗೆ ಹಣವು ತಾನಾಗಿಯೇ ಹುಡುಕಿಕೊಂಡು ಬರುವ ಕಾಲವಿದು. ಗದ್ದೆ, ಬ್ಯಾಣ, ಬಾಣೆಗಳನ್ನು ಶುಂಠಿಗೆಂದು ಗೇಣಿಗೆ ಕೇಳುವವರಿದ್ದಾರೆ. ಗುಡ್ಡವನ್ನೇ ಕೊಂಡು ಹಣ್ಣಿನ ತೋಟ ಎಬ್ಬಿಸುವ ಆಸೆಯುಳ್ಳವರೂ ಇದ್ದಾರೆ. ಕೃಷಿಕರಲ್ಲದವರು ಸಾಗುವಳಿ ಭೂಮಿಯನ್ನು ಕೊಳ್ಳುವುದಕ್ಕಿದ್ದ ತಡೆಯನ್ನು ರಾಜ್ಯದ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿ ತೆಗೆದುಹಾಕಿದ ಮೇಲೆ ಈ ಬಾಗಿಲು ಇನ್ನಷ್ಟು ಅಗಲವಾಗಿದೆ. ಹೊರಗಿನ ಹಣವೆಲ್ಲ ಕೆಟ್ಟದ್ದೆಂದು ವೇದಿಕೆಯಿಂದ ಹೇಳುವುದು ಸುಲಭ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದ ರೈತನಿಗೆ ಆ ಮಾತಿನಿಂದ ಪ್ರಯೋಜನವಿಲ್ಲ. ಅವನು ಕೇಳಬೇಕಾದ ಪ್ರಶ್ನೆ ಬೇರೆಯದು: ಹೂಡಿದವನ ಲೆಕ್ಕ ಎಂದಿಗೆ ಮುಗಿಯುತ್ತದೆ, ನೆಲದ ಲೆಕ್ಕ ಎಂದಿಗೆ ಮುಗಿಯುತ್ತದೆ?

ಶುಂಠಿಯ ಲೆಕ್ಕವು ಎಂಟು-ಹತ್ತು ತಿಂಗಳಿಗೆ ಮುಗಿಯುತ್ತದೆ. ಏಪ್ರಿಲ್-ಮೇ ತಿಂಗಳ ಮಳೆಗೆ ನೆಟ್ಟ ಗೆಡ್ಡೆ ಡಿಸೆಂಬರ್ ಹೊತ್ತಿಗೆ ಕೀಳಲು ಬರುತ್ತದೆ. ನೀರು ನಿಲ್ಲದಿರಲೆಂದು ಏರುಮಡಿ ಕಟ್ಟಿ ನಡುನಡುವೆ ಕಾಲುವೆ ತೆಗೆಯುತ್ತಾರೆ; ಇಳಿಜಾರಿನಲ್ಲಿ ಅದೇ ಕಾಲುವೆ ಮೇಲ್ಮಣ್ಣನ್ನು ಹಳ್ಳಕ್ಕೆ ಸಾಗಿಸುವ ದಾರಿಯಾಗುತ್ತದೆ. ಗೆಡ್ಡೆ ಕೊಳೆಸುವ ರೋಗಾಣುವೂ ಗಿಡವನ್ನು ಸೊರಗಿಸುವ ದುಂಡಾಣುವೂ ಮಣ್ಣಿನಲ್ಲಿಯೇ ಉಳಿಯುವಂಥವು. ಆದ್ದರಿಂದ ಅದೇ ಜಾಗದಲ್ಲಿ ಮರುವರ್ಷ ಶುಂಠಿ ಹಾಕಲು ಯಾರೂ ಬಯಸುವುದಿಲ್ಲ. ಗೇಣಿಗೆ ಹಿಡಿದವನು ಮುಂದಿನ ಊರಿಗೆ ನಡೆಯುತ್ತಾನೆ. ಅವನನ್ನು ದೂರಿ ಫಲವಿಲ್ಲ. ಅವನ ಹಣಕ್ಕೆ ಆ ನೆಲದಲ್ಲಿ ಎರಡನೆಯ ವರ್ಷವೆಂಬುದೇ ಇಲ್ಲ. ನೆಲದ ಒಡೆಯನಿಗೆ ಇದೆ. ಅಲ್ಲದೆ, ಕೆಲವು ವಿನಾಯಿತಿಗಳ ಹೊರತು, ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ಕರ್ನಾಟಕದ ಕಾನೂನು ನಿಷೇಧಿಸಿರುವುದರಿಂದ, ಬಾಯಿಮಾತಿನ ಒಪ್ಪಂದ ಮುರಿದಾಗ ನ್ಯಾಯ ಕೇಳಲು ಹೋಗುವ ದಾರಿಯೂ ಕಿರಿದು. 2023ರಲ್ಲಿ 60 ಕಿಲೋ ಚೀಲದ ಬೆಲೆ ದಾಖಲೆಯ ಎತ್ತರಕ್ಕೇರಿ, ಬಳಿಕ ಕುಸಿದಾಗ, ಏರಿದ ಬೆಲೆಯನ್ನು ನಂಬಿ ಸಾಲ ಮಾಡಿ ನೆಟ್ಟವರು ಸಿಕ್ಕಿಬಿದ್ದರು.

ಹಾಗಾದರೆ ಕಾಡಿನ ಹಣ್ಣು ತಾನಾಗಿಯೇ ಪರಿಹಾರವೇ? ಉಪ್ಪಾಗೆಯ ಕಥೆ ಅಷ್ಟು ಸರಳವಲ್ಲವೆನ್ನುತ್ತದೆ. ಅಡುಗೆಯ ಹುಳಿಗೂ ಬೀಜದ ತುಪ್ಪಕ್ಕೂ ಬಳಕೆಯಾಗುತ್ತಿದ್ದ ಈ ಹಣ್ಣಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವು ಬೊಜ್ಜು ಕರಗಿಸುತ್ತದೆಂಬ ನಂಬಿಕೆ 1990ರ ದಶಕದಲ್ಲಿ ವಿದೇಶಗಳಲ್ಲಿ ಹಬ್ಬಿತು. ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಿಗೆ ಬೇಡಿಕೆ ನುಗ್ಗಿತು. ಇನ್ನೊಬ್ಬ ಕೊಯ್ಯುವ ಮೊದಲೇ ತಾನು ಕೊಯ್ಯಬೇಕೆಂಬ ಆತುರದಲ್ಲಿ ಕಾಯಿ ಬಲಿಯುವ ಮುನ್ನವೇ ಕೊಯ್ಲಾಯಿತು, ಕೊಂಬೆಗಳೇ ನೆಲಕ್ಕುರುಳಿದವು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ; ಬಿಸಿಲಿಲ್ಲದ ದಿನಗಳಲ್ಲಿ ಸಿಪ್ಪೆ ಒಣಗಿಸಲು ಒಲೆಯೇ ಗತಿ, ಒಲೆಗೆ ಕಾಡಿನ ಮರವೇ ಗತಿ. ಹಣ್ಣು ಕೊಟ್ಟ ಕಾಡೇ ಆ ಹಣ್ಣನ್ನು ಒಣಗಿಸಲು ಉರಿಯಿತು. ಇತ್ತ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಈ ಆಮ್ಲ ಸೇವಿಸಿದವರಿಗೂ ಬರಿಯ ಹುಸಿಗುಳಿಗೆ ನುಂಗಿದವರಿಗೂ ತೂಕ ಇಳಿದುದರಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ದೂರದ ಪೇಟೆಯ ಒಂದು ನಂಬಿಕೆಯ ಮೇಲೆ ಮಲೆನಾಡಿನ ಮರಗಳ ಕೊಂಬೆ ನಿಂತಿದ್ದವು!

ಈ ಪ್ರಸಂಗದಲ್ಲಿ ಮರಕ್ಕೆ ಕೊರತೆಯಿರಲಿಲ್ಲ, ಕೊಳ್ಳುವವರಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಮರಕ್ಕೂ ಪೇಟೆಗೂ ನಡುವಿನ ಜಾಗದಲ್ಲಿ. ಸೌದೆ ಕಡಿಮೆ ಉಣ್ಣುವ ಒಲೆ, ಹೊಗೆ ತಾಗದ ಒಣಗೂಡು, ಸಿಪ್ಪೆಯನ್ನು ಕೆಡದಂತೆ ಇಟ್ಟು ಬೆಲೆಗಾಗಿ ಕಾಯಬಲ್ಲ ಉಗ್ರಾಣ, ಎಲ್ಲರೂ ಒಪ್ಪಿದ ಕೊಯ್ಲಿನ ದಿನ: ಗುಡ್ಡದ ಹಣ್ಣಿಗೆ ಬಂಡವಾಳ ಬೇಕಾಗಿರುವುದು ಇಲ್ಲಿ. ಹೊಸ ಗುಡ್ಡ ಕಡಿದು ತೋಟ ಮಾಡುವುದಕ್ಕೆ ಅಲ್ಲ.

ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರವು 2020ರಲ್ಲಿ ಆರಂಭಿಸಿದ ಯೋಜನೆಯು ವೆಚ್ಚದ ಶೇಕಡಾ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಸಾಲಕ್ಕೆ ಜೋಡಿಸಿದ ಸಹಾಯಧನವಾಗಿ ಕೊಡಮಾಡಿತು. ಇಂಥ ನೆರವಿನಿಂದ ಒಬ್ಬೊಬ್ಬರೇ ಯಂತ್ರ ಕೊಂಡರೆ ಅದು ಒಂದೂವರೆ ತಿಂಗಳು ದುಡಿದು ಉಳಿದ ಕಾಲ ಜೇಡಕ್ಕೆ ಮನೆಯಾಗುತ್ತದೆ. ಸಾಲದ ಬಡ್ಡಿ ಮಾತ್ರ ಹನ್ನೆರಡು ತಿಂಗಳೂ ದುಡಿಯುತ್ತದೆ. ಮಲೆನಾಡಿನ ಹಣ್ಣುಗಳ ಪಂಚಾಂಗವನ್ನು ಒಮ್ಮೆ ನೋಡಬೇಕು. ಫೆಬ್ರವರಿ-ಮಾರ್ಚ್‌ನಲ್ಲಿ ಅಪ್ಪೆಮಿಡಿ, ಏಪ್ರಿಲ್-ಮೇಯಲ್ಲಿ ಮುರುಗಲು, ಅದರ ಬೆನ್ನಿಗೇ ಹಲಸು, ಮಳೆ ಹಿಡಿದ ಮೇಲೆ ಉಪ್ಪಾಗೆ. ಮಿಡಿಗೆ ಉಪ್ಪಿನ ಪೀಪಾಯಿ ಸಾಕು. ಉಳಿದ ಮೂರಕ್ಕೂ ಒಂದೇ ಒಣಗೂಡು ಒಗ್ಗುತ್ತದೆ. ಹತ್ತು-ಹದಿನೈದು ಮನೆಗಳು, ಇಲ್ಲವೇ ಊರಿನ ಸ್ತ್ರೀಶಕ್ತಿ ಸಂಘ, ಕೂಡಿ ಒಂದನ್ನು ನಡೆಸಿದರೆ ಅದು ಬಿಡುವಿಲ್ಲದೆ ಐದಾರು ತಿಂಗಳು ದುಡಿದೀತು.

ಗಿಡ ನೆಡಲೇಬೇಕೆಂದಾದರೆ ಬೆಟ್ಟದಲ್ಲಿ, ಬೇಲಿಯಲ್ಲಿ, ತೋಟದ ಅಂಚಿನಲ್ಲಿ ಜಾಗ ಸಾಕಷ್ಟಿದೆ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದೆದ್ದ ಗಿಡವನ್ನು ಏಳೆಂಟು ವರ್ಷ ಸಾಕಿದ ಮೇಲೆ ಅದು ಗಂಡೆಂದು ತಿಳಿದರೆ ಆ ಕಾಯುವಿಕೆಯೇ ನಷ್ಟ. ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿಗೆ ಆ ಅನುಮಾನವಿಲ್ಲ. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆಗಳ ರುಚಿಯೂ ಸೊನೆಯ ಗುಣವೂ ಕಸಿಯಿಂದಲೇ ಮುಂದುವರಿಯುತ್ತವೆ. ಹೊಳೆದಂಡೆಯ ಹಳೆಯ ಮಿಡಿಮರಗಳನ್ನು ಕೊಂಬೆ ಸಹಿತ ಕಡಿದು ಕೊಯ್ಯುವ ಚಾಳಿ ನಿಲ್ಲದಿದ್ದರೆ ಕುಡಿ ತರಲು ತಾಯಿಮರವೇ ಉಳಿಯದು.

ಕಸಿಗಿಡಗಳ ವಿಷಯದಲ್ಲಿ ಕೊಡಗಿನ ಕಿತ್ತಳೆ ಕೊಟ್ಟ ಎಚ್ಚರಿಕೆಯೊಂದಿದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಆ ಹಣ್ಣು ಒಂದು ಕಾಲದಲ್ಲಿ ಕಾಫಿ ತೋಟಗಳ ಒಳಗೇ ಹೇರಳವಾಗಿ ಬೆಳೆಯುತ್ತಿತ್ತು. ಅದರ ಇಳಿಮುಖಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಗ್ರೀನಿಂಗ್ ರೋಗ ದೊಡ್ಡದು. ಈ ರೋಗದ ದುಂಡಾಣುವು ಸಣ್ಣ ಕೀಟದಿಂದಲೂ ಹರಡುತ್ತದೆ, ರೋಗವಿದ್ದ ಮರದ ಕಣ್ಣು ತಂದು ಕಟ್ಟಿದ ಕಸಿಯಿಂದಲೂ ಹರಡುತ್ತದೆ. ಹಿಡಿದ ಮರಕ್ಕೆ ಮದ್ದಿಲ್ಲ. ಮೂಲ ತಿಳಿಯದ ನರ್ಸರಿಯಿಂದ ಲಾರಿಗಟ್ಟಲೆ ಗಿಡ ತರಿಸುವ ದೊಡ್ಡ ಹೂಡಿಕೆಯು ರೋಗವನ್ನೂ ಜೊತೆಗೇ ತಂದೀತು. ಆದ್ದರಿಂದ ಕಸಿ ಕಟ್ಟುವ ಕೈ ಊರಿನದೇ ಆಗಬೇಕು. ಹರಿತವಾದ ಚಾಕು, ಪ್ಲಾಸ್ಟಿಕ್ ಪಟ್ಟಿ, ಒಂದು ಮಳೆಗಾಲದ ಅಭ್ಯಾಸ: ಇದಕ್ಕೆ ಬೇಕಾದ ಬಂಡವಾಳ ಇಷ್ಟೇ. ಯಾವ ಮರದ ಮಿಡಿ ಎರಡು ವರ್ಷವಾದರೂ ಮೆತ್ತಗಾಗದೆಂಬುದನ್ನು ಬಲ್ಲ ಅಜ್ಜಿಯರು ಇನ್ನೂ ಪ್ರತಿ ಊರಿನಲ್ಲಿದ್ದಾರೆ. ವಿದ್ಯಾರ್ಥಿಗಳು ಈ ಬೇಸಿಗೆಯ ರಜೆಯಲ್ಲಿ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಮರಗಳಿಗೆ ಗುರುತು ಹಾಕಿ, ಪಟ್ಟಿ ಬರೆದಿಡಬಹುದು. ಜೂನ್ ತಿಂಗಳಲ್ಲಿ ಕಸಿ ಕಟ್ಟುವ ಹೊತ್ತಿಗೆ ಆ ಪಟ್ಟಿ ಬೇಕಾಗುತ್ತದೆ.