ರೈಲು, ಮೋಟಾರು ಮತ್ತು ಸರಕಾರದ ಮೇಲ್ವಿಚಾರಣೆ

(ಚಪಳಗಾಂವದ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಗಡಿಯ ಪ್ರಶ್ನೆಯನ್ನು ಕುರಿತು ನಿಮ್ಮೆದುರು ಅನೇಕರು ಮಾತನಾಡಿದ್ದಾರೆ. ಈ ಹೊತ್ತು ನಾವು ಆ ಪ್ರಶ್ನೆಯ ಒಂದು ಅಂಗವನ್ನು ಮಾತ್ರ ಎತ್ತಿಕೊಂಡಿದ್ದೇವೆ. ಅದು ರೈಲು ಮತ್ತು ಮೋಟಾರಿನ ವಿಚಾರ. ಗಡಿಯೆಂಬುದು ನಕಾಶೆಯ ಮೇಲಿನ ಗೆರೆ. ಹೊಲದಲ್ಲಿ ಅದು ಕಾಣುವುದಿಲ್ಲ, ಹಳ್ಳದಲ್ಲಿ ಕಾಣುವುದಿಲ್ಲ, ಆಡುವ ಮಾತಿನಲ್ಲಂತೂ ಕಾಣುವುದೇ ಇಲ್ಲ. ಅದು ನಿತ್ಯವೂ ಕಣ್ಣಿಗೆ ಬೀಳುವುದು ಮೋಟಾರಿನ ಟಿಕೇಟಿನಲ್ಲಿ.

ರೈಲು ಕೇಂದ್ರ ಸರಕಾರದ ಸ್ವತ್ತು. ಎಸ್.ಟಿ. ಗಾಡಿ ರಾಜ್ಯ ಸರಕಾರದ ಮಹಾಮಂಡಳದ ಸ್ವತ್ತು. ಎರಡನ್ನೂ ನಡೆಸುವ ಹಣ ಪ್ರಜೆಯದು. ಆದುದರಿಂದ ಅವುಗಳ ಮೇಲೆ ಕಣ್ಣಿಡಲು ಕಾಯದೆಯು ಹಲವು ಏರ್ಪಾಡುಗಳನ್ನು ಮಾಡಿದೆ. ಆದರೆ ಆ ಕಣ್ಣು ತನ್ನ ಸೀಮೆಯ ತನಕ ನೋಡಿ ಹಿಂದಿರುಗುತ್ತದೆ. ಎರಡೂ ಕಡೆಯ ನೋಟ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ನಮ್ಮ ಹಳ್ಳಿಗಳು ಇವೆ. ಇದೇ ನಾವು ಇಂದು ಹೇಳಬೇಕಾದ ಮಾತು. ಇದಕ್ಕೆ ಉಪಾಯವೂ ಕಾಯದೆಯೊಳಗೇ ಇದೆಯೆಂಬುದನ್ನು ಕೊನೆಯಲ್ಲಿ ತೋರಿಸುತ್ತೇವೆ.

ಮೊದಲು ರೈಲಿನ ಸಂಗತಿ. ಮುಂಬಯಿಯಿಂದ ಸೊಲ್ಲಾಪುರದ ಮೇಲೆ ಹಾಯ್ದು ರಾಯಚೂರಿಗೆ ಹೋಗುವ ಹಳಿಯನ್ನು ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ. 1849ರ ಕರಾರಿನಂತೆ ಆ ಕಂಪನಿಯ ಬಂಡವಾಳಕ್ಕೆ ಶೇಕಡಾ 5ರ ಲಾಭದ ಭರವಸೆಯಿತ್ತು. ಲಾಭ ಕಡಿಮೆ ಬಿದ್ದರೆ ಅದನ್ನು ತುಂಬಿಕೊಡುವುದು ಸರಕಾರದ ಬೊಕ್ಕಸ, ಎಂದರೆ ರೈತನ ಕಂದಾಯ. ಹಣ ಕೊಟ್ಟವನು ರೈತ, ಹಳಿ ಎಲ್ಲಿ ಹಾಯಬೇಕೆಂದು ನಿರ್ಣಯಿಸಿದವರು ಬೇರೆಯವರು. ಅಕ್ಕಲಕೋಟೆ ಪೇಟೆ ಒಂದು ಕಡೆ, ಅಕ್ಕಲಕೋಟೆ ರೋಡ್ ಎಂಬ ನಿಲ್ದಾಣ ಹತ್ತು ಕಿಲೋಮೀಟರಿನಾಚೆ ಇನ್ನೊಂದು ಕಡೆ ಉಳಿದಿವೆ. ಇಂದಿಗೂ ರೈಲು ಹಿಡಿಯಬೇಕಾದವನು ಮೊದಲು ಮೋಟಾರು ಹಿಡಿಯಬೇಕು. ಆ ಕಂಪನಿಯ ಆಡಳಿತವನ್ನು ಸರಕಾರವು ತನ್ನ ಕೈಗೆ ತೆಗೆದುಕೊಂಡದ್ದು 1925ರ ಜುಲೈ 1ರಂದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಹಳಿಯ ಇತಿಹಾಸವನ್ನೂ ನೆನೆಯಬೇಕು. 1876ರಿಂದ 1878ರ ವರೆಗೆ ಬಿದ್ದ ಮಹಾಕ್ಷಾಮದಲ್ಲಿ ವಿಜಾಪುರ ಸೀಮೆಯಲ್ಲಿ ಜನ ಹಸಿದು ಸತ್ತರು. ಬೇರೆಡೆಯಲ್ಲಿ ಧಾನ್ಯವಿದ್ದರೂ ಇಲ್ಲಿಗೆ ಸಾಗಿಸಲು ದಾರಿಯಿರಲಿಲ್ಲ. ಆ ಪಾಠ ಕಲಿತ ಮೇಲೆ ಸದರ್ನ್ ಮರಾಠಾ ರೈಲ್ವೆಯು ಹೊಟಗಿಯಿಂದ ವಿಜಾಪುರದ ಮೇಲೆ ಗದಗಿನ ತನಕ ಹಳಿ ಹಾಕಿತು. 1884ರಲ್ಲಿ ಆ ದಾರಿ ಪೂರ್ಣವಾಯಿತು. ಪರಕೀಯರ ಆಡಳಿತವಿದ್ದ ಕಾಲದಲ್ಲಿಯೂ ಒಂದು ಹಳಿಯ ಪ್ರಯೋಜನವನ್ನು ಟಿಕೇಟಿನ ಹಣದಿಂದಷ್ಟೇ ಅಳೆಯಲಿಲ್ಲ, ಉಳಿಯಬಹುದಾದ ಜೀವಗಳಿಂದಲೂ ಅಳೆದರು. ಸ್ವರಾಜ್ಯದಲ್ಲಿ ನಾವು ಕೇಳುವುದು ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ಈ ಎರಡು ಹಳಿಗಳು ಹೊಟಗಿಯಲ್ಲಿ ಕೂಡುತ್ತವೆ. ಅವುಗಳ ಆಡಳಿತ ಮಾತ್ರ ಕೂಡುವುದಿಲ್ಲ. ಸೊಲ್ಲಾಪುರ ವಿಭಾಗವು 1951ರಲ್ಲಿ ರೂಪುಗೊಂಡ ಮಧ್ಯ ರೈಲ್ವೆಯಲ್ಲಿತ್ತು. 1966ರಲ್ಲಿ ಅದನ್ನು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಸೇರಿಸಿ, 1977ರಲ್ಲಿ ಮರಳಿ ಮುಂಬಯಿಗೆ ಒಪ್ಪಿಸಿದರು. ಗದಗಿನ ದಾರಿಯಾದರೋ ಹುಬ್ಬಳ್ಳಿ ವಿಭಾಗದ್ದು. 2003ರಿಂದ ಅದು ಹುಬ್ಬಳ್ಳಿಯಲ್ಲಿಯೇ ಮುಖ್ಯ ಕಚೇರಿಯುಳ್ಳ ನೈಋತ್ಯ ರೈಲ್ವೆಯಲ್ಲಿದೆ. ಒಂದು ಗಾಡಿಯ ವೇಳೆಯನ್ನು ಮುಂಬಯಿ ಗೊತ್ತುಮಾಡುತ್ತದೆ, ಇನ್ನೊಂದರ ವೇಳೆಯನ್ನು ಹುಬ್ಬಳ್ಳಿ. ಒಂದರಿಂದ ಇಳಿದು ಇನ್ನೊಂದನ್ನು ಹಿಡಿಯಬೇಕಾದವನ ವೇಳೆಗೆ ಒಡೆಯರೇ ಇಲ್ಲ.

ರೈಲಿನ ಮೇಲ್ವಿಚಾರಣೆ ಪಾರ್ಲಿಮೆಂಟಿನದು. 1924ರಿಂದ ರೈಲ್ವೆಗೆ ಬೇರೆಯೇ ಅಂದಾಜು ಪತ್ರಿಕೆಯಿತ್ತು. ಯಾವ ಹಳಿ, ಯಾವ ಗಾಡಿ, ಎಷ್ಟು ದರ ಎಂಬುದು ವರ್ಷಕ್ಕೊಮ್ಮೆ ಸಭೆಯಲ್ಲಿ ಚರ್ಚೆಗೆ ಬರುತ್ತಿತ್ತು, ಪತ್ರಿಕೆಗಳಲ್ಲಿ ಅಚ್ಚಾಗಿ ಹಳ್ಳಿಯವರಿಗೂ ತಿಳಿಯುತ್ತಿತ್ತು. 2017ರಿಂದ ಅದನ್ನು ದೇಶದ ಸಾಮಾನ್ಯ ಅಂದಾಜು ಪತ್ರಿಕೆಯಲ್ಲಿ ವಿಲೀನಗೊಳಿಸಲಾಯಿತು. ಪಾರ್ಲಿಮೆಂಟಿನ ರೈಲ್ವೆ ಸ್ಥಾಯಿ ಸಮಿತಿಯೂ ಮಹಾಲೇಖಪಾಲರ ತಪಾಸಣೆಯೂ ಇಂದಿಗೂ ಇವೆ. ಆದರೆ ಒಂದು ಸಣ್ಣ ನಿಲ್ದಾಣದ ನಿಲುಗಡೆ ಅಷ್ಟು ದೊಡ್ಡ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದು ಕಷ್ಟ.

ಇದರ ಪರಿಣಾಮವನ್ನು ನಾವೆಲ್ಲರೂ ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಕೊರೊನಾ ರೋಗದ ನಿಮಿತ್ತ ದೇಶದಾದ್ಯಂತ ಪ್ರಯಾಣಿಕ ರೈಲುಗಳು ನಿಂತವು. ನಿಲ್ಲಿಸಿದ್ದು ಅವಶ್ಯವಿತ್ತು. ಆದರೆ ಮರಳಿ ಬಂದಾಗ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ಸಿನ ದರದಲ್ಲಿ ಬಂದವು. ಹತ್ತು ರೂಪಾಯಿಯ ಕನಿಷ್ಠ ಟಿಕೇಟು ಮೂವತ್ತಾಯಿತು. ಹೊಸ ವೇಳಾಪತ್ರಿಕೆಯ ಹೆಸರಿನಲ್ಲಿ ಅನೇಕ ಸಣ್ಣ ನಿಲುಗಡೆಗಳೂ ಹೋದವು. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ. ರೋಗ ಇಳಿದ ಬಹುಕಾಲದ ನಂತರವೂ ಕೂಲಿಕಾರನು ಮೂರು ಪಟ್ಟು ಹಣ ತೆತ್ತನು.

ಇನ್ನು ಮೋಟಾರಿನ ವಿಚಾರ. ಮುಂಬಯಿ ಪ್ರಾಂತದ ಸರಕಾರಿ ಮೋಟಾರು ಮೊದಲು ಓಡಿದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದನಗರಕ್ಕೆ. ಅಕ್ಕಲಕೋಟೆ ಸಂಸ್ಥಾನವು ಮುಂಬಯಿಯಲ್ಲಿ ಲೀನವಾದದ್ದೂ ಅದೇ ವರ್ಷ. ಆಗ ಸೊಲ್ಲಾಪುರವೂ ವಿಜಾಪುರವೂ ಒಂದೇ ಪ್ರಾಂತದ ಎರಡು ಜಿಲ್ಹೆಗಳು. ನಡುವಿನ ದಾರಿ ಒಂದೇ ಸರಕಾರದ್ದು. 1956ರ ನವೆಂಬರ್ 1ರಂದು ವಿಜಾಪುರವು ಮೈಸೂರು ರಾಜ್ಯವನ್ನು ಸೇರಿತು, ಸೊಲ್ಲಾಪುರವು ಮುಂಬಯಿಯಲ್ಲಿ ಉಳಿಯಿತು. ದಾರಿ ಒಂದು ಗೇಣೂ ಕದಲಲಿಲ್ಲ. ಆದರೆ ಬೆಳಗಾಗುವುದರೊಳಗೆ ಅದು ಅಂತರರಾಜ್ಯದ ದಾರಿಯಾಯಿತು. ಅಂದಿನಿಂದ ಅದರ ಮೇಲೆ ಓಡುವ ಗಾಡಿಗೆ ಎರಡು ಸರಕಾರಗಳ ಒಪ್ಪಿಗೆ ಬೇಕು.

1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ ತಾಲುಕನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು ನಿಮಗೆ ಗೊತ್ತಿದೆ. ಮಹಾರಾಷ್ಟ್ರವು ಅದನ್ನು ಒಪ್ಪಲಿಲ್ಲ. 2004ರಲ್ಲಿ ಗಡಿಯ ತಂಟೆಯನ್ನು ಸುಪ್ರೀಮ್ ಕೋರ್ಟಿಗೆ ಒಯ್ದಿತು. ಆ ತೀರ್ಪಿನ ದಾರಿಯನ್ನು ಮಾತ್ರ ಕಾಯುತ್ತ ಕುಳಿತರೆ ನಾಳೆ ಮುಂಜಾನೆ ಶಾಲೆಗೆ ಹೋಗಬೇಕಾದ ಹುಡುಗಿಯ ಗತಿಯೇನು?

ಇಂದಿನ ಟಿಕೇಟನ್ನು ನೋಡಿರಿ. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ದರ. ಆ ರಿಯಾಯಿತಿ ರಾಜ್ಯದ ಸೀಮೆಯ ತನಕ ಮಾತ್ರ. ಅದೇ ವರ್ಷದ ಜೂನಿನಿಂದ ಕರ್ನಾಟಕದ ಸಾಮಾನ್ಯ ಮೋಟಾರುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ; ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಕಲಬುರಗಿಗೆ ಮಗಳ ಬಾಣಂತನಕ್ಕೆ ಹೊರಟ ಈ ಸೀಮೆಯ ತಾಯಿಗೆ ಗಡಿಯ ತನಕ ಅರ್ಧ ದರ, ಅಲ್ಲಿಂದ ಮುಂದೆ ಪೂರ್ತಿ ದರ. 2025ರ ಜನವರಿ 5ರಿಂದ ಕರ್ನಾಟಕವು ಮೋಟಾರಿನ ದರವನ್ನು ಶೇಕಡಾ 15ರಷ್ಟು ಏರಿಸಿತು. ಜನವರಿ 25ರಿಂದ ಮಹಾರಾಷ್ಟ್ರವು ಶೇಕಡಾ 14.95ರಷ್ಟು ಏರಿಸಿತು. ಎರಡು ಸರಕಾರಗಳೂ ತಮ್ಮ ತಮ್ಮ ಲೆಕ್ಕ ನೋಡಿದವು. ಇಪ್ಪತ್ತು ದಿನಗಳೊಳಗೆ ಎರಡು ಏರಿಕೆಗಳನ್ನು ಒಬ್ಬನೇ ಹೊತ್ತದ್ದು ಎರಡೂ ಕಡೆ ತಿರುಗುವ ಗಡಿಯವನು. ಮರುತಿಂಗಳು ಬೆಳಗಾವಿಯ ಕಡೆಯ ಒಂದು ಪ್ರಕರಣದ ತರುವಾಯ ಉಭಯ ರಾಜ್ಯಗಳ ನಡುವಿನ ಮೋಟಾರು ಸಂಚಾರ ಕೆಲವು ದಿನ ಕೆಟ್ಟಿತು. ಜಗಳ ಯಾರದೇ ಇರಲಿ, ನಿಲ್ದಾಣದಲ್ಲಿ ಗಂಟು ಹೊತ್ತು ನಿಲ್ಲುವವರು ನಾವೇ.

ಮಹಾಮಂಡಳದವರು ಹೇಳುವ ಒಂದು ಮಾತಿದೆ: ಹಳ್ಳಿಯ ಸುತ್ತಿನಲ್ಲಿ ನಷ್ಟವಾಗುತ್ತದೆ. ಆ ಮಾತನ್ನು ತಳ್ಳಿಹಾಕದೆ ವಿಚಾರ ಮಾಡೋಣ. ಎಣ್ಣೆಗೆ ಹಣ ಬೇಕು, ಚಾಲಕ ನಿರ್ವಾಹಕರಿಗೆ ಸಂಬಳ ಬೇಕು. 2021ರ ಕೊನೆಯಿಂದ 2022ರ ಏಪ್ರಿಲಿನ ತನಕ ಮಹಾರಾಷ್ಟ್ರದ ಎಸ್.ಟಿ. ನೌಕರರು ಮುಷ್ಕರ ಹೂಡಿದಾಗ ಅವರ ಸಂಕಟವೂ ನಿಜವಾಗಿತ್ತು. ಆದರೆ ನಷ್ಟವನ್ನು ಅಳೆಯುವುದು ಹೇಗೆ? ಗಾಡಿ ಓಡಿದ ಪ್ರತಿ ಕಿಲೋಮೀಟರಿಗೆ ಎಷ್ಟು ಹಣ ಬಂತೆಂದು ಅಳೆಯುತ್ತಾರೆ. ಶಾಲೆಯ ಗಂಟೆ ಬಾರಿಸಿದ ಮೇಲೆ ಬಂದ ಗಾಡಿ ಬರಿದಾಗಿ ಹೋಗುತ್ತದೆ. ಬರಿದಾಗಿ ಹೋಯಿತೆಂದು ಆ ಗಾಡಿಯನ್ನೇ ನಿಲ್ಲಿಸುತ್ತಾರೆ. ಗ್ರಾಮೀಣ ವಿದ್ಯಾರ್ಥಿನಿಯರಿಗೆ ಸರಕಾರವು ಉಚಿತ ಪಾಸು ಕೊಟ್ಟಿದೆ. ಅದು ಒಳ್ಳೆಯ ಕೆಲಸ. ಆದರೆ ಗಾಡಿಯಿಲ್ಲದ ಊರಿನಲ್ಲಿ ಪಾಸು ಬರಿಯ ಕಾಗದ. ಗಾಡಿಯಿಲ್ಲದೆ ಶಾಲೆ ಬಿಟ್ಟ ಹುಡುಗಿಯೂ, ದವಾಖಾನೆಗೆ ಹೊತ್ತಿಗೆ ತಲುಪದ ರೋಗಿಯೂ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯದೆಯ 18ನೆಯ ಕಲಮು, ಸಾಕಷ್ಟು, ಸಮರ್ಪಕ, ಮಿತವ್ಯಯದ ಹಾಗೂ ಪರಸ್ಪರ ಹೊಂದಿಕೆಯುಳ್ಳ ಸಂಚಾರ ಒದಗಿಸುವುದು ನಿಗಮದ ಕರ್ತವ್ಯವೆಂದು ಹೇಳುತ್ತದೆ. ಮಿತವ್ಯಯವೆಂಬುದು ಆ ಸಾಲಿನಲ್ಲಿ ಒಂದು ಮಾತು; ಸಾಕಷ್ಟು ಎಂಬುದೂ ಅದೇ ಸಾಲಿನಲ್ಲಿದೆ. ಅದೇ ಕಾಯದೆಯು ನಿಗಮಕ್ಕೆ ಆದೇಶ ಕೊಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಇತ್ತಿದೆ. ಆದುದರಿಂದ ‘ಅದು ನಿಗಮದ ವಿಚಾರ’ ಎಂದು ಸರಕಾರವು ಕೈ ತೊಳೆದುಕೊಳ್ಳಲು ಬಾರದು.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದು, ಲೆಕ್ಕವಿಡುವುದು. ಪಂಚಾಯತಿಯಲ್ಲಿ ಒಂದು ವಹಿ ಇಟ್ಟು ಒಂದು ತಿಂಗಳು ಪ್ರತಿದಿನವೂ ಬರೆಯಿರಿ: ಯಾವ ಗಾಡಿ ಬಂತು, ಯಾವುದು ಬರಲಿಲ್ಲ, ಎಷ್ಟು ತಡವಾಯಿತು, ಎಷ್ಟು ಜನ ಹತ್ತಿದರು, ಎಷ್ಟು ಜನ ಹಿಂದೆ ಉಳಿದರು. ಹತ್ತಿದವರ ಲೆಕ್ಕ ನಿರ್ವಾಹಕನಲ್ಲಿದೆ. ಹಿಂದೆ ಉಳಿದವರ ಲೆಕ್ಕವನ್ನು ನೀವೇ ಇಡಬೇಕು.

ಎರಡನೆಯದು, ಗ್ರಾಮಸಭೆಯಲ್ಲಿ ಠರಾವು ಮಾಡಿ, ಆ ವಹಿಯ ನಕಲಿನೊಡನೆ ತಕ್ಕ ಬಾಗಿಲಿಗೆ ಕಳಿಸುವುದು. ಎಸ್.ಟಿ.ಯ ವಿಷಯವಾದರೆ ಸೊಲ್ಲಾಪುರದ ವಿಭಾಗ ನಿಯಂತ್ರಕರಿಗೆ. ರೈಲಿನ ವಿಷಯವಾದರೆ ವಿಭಾಗದ ರೈಲ್ವೆ ವ್ಯವಸ್ಥಾಪಕರಿಗೂ, ರೈಲು ಬಳಕೆದಾರರ ಸಲಹಾ ಸಮಿತಿಗೂ. ಒಂದು ಪ್ರತಿ ವಿಧಾನಸಭೆಯ ಸದಸ್ಯರಿಗೂ ಇನ್ನೊಂದು ಲೋಕಸಭೆಯ ಸದಸ್ಯರಿಗೂ ಹೋಗಲಿ. ಅಂಕಿಯಿಲ್ಲದ ದೂರನ್ನು ಬದಿಗಿಡುವುದು ಸುಲಭ. ಅಂಕಿಯಿದ್ದ ದೂರು ಸಭೆಯಲ್ಲಿ ಪ್ರಶ್ನೆಯಾಗುತ್ತದೆ.

ಮೂರನೆಯದು, ಇದನ್ನು ಚೆನ್ನಾಗಿ ನೆನಪಿಡಿರಿ. ಎರಡು ರಾಜ್ಯಗಳು ಯಾವ ದಾರಿಗೆ ಎಷ್ಟು ಪರವಾನಿಗೆಯೆಂದು ಒಪ್ಪಂದ ಮಾಡಿಕೊಳ್ಳುವ ಮೊದಲು, 1988ರ ಮೋಟಾರು ವಾಹನ ಕಾಯದೆಯ 88ನೆಯ ಕಲಮಿನಂತೆ, ಆ ಸೂಚನೆಯನ್ನು ಗೆಜೆಟ್ಟಿನಲ್ಲಿಯೂ ಆ ಭಾಗದ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ವಿಚಾರಣೆಯ ದಿನವು ಪ್ರಕಟಣೆಯಿಂದ ಮೂವತ್ತು ದಿನಗಳಿಗಿಂತ ಮೊದಲು ಇರಕೂಡದು. ಎರಡೂ ಸರಕಾರಗಳು ಒಟ್ಟಿಗೆ ನಮ್ಮ ದಾರಿಯ ಕಡೆಗೆ ನೋಡುವ ಕ್ಷಣ ಅದೊಂದೇ. ಆ ಹೊತ್ತಿನಲ್ಲಿ ನಮ್ಮ ಹಳ್ಳಿಗಳಿಂದ ಒಂದು ಅರ್ಜಿಯೂ ಹೋಗದಿದ್ದರೆ, ಕೇಳುವವರಿಲ್ಲವೆಂದೇ ಅವರು ತಿಳಿಯುತ್ತಾರೆ.

ನಾಲ್ಕನೆಯದು ಭಾಷೆಯ ಮಾತು. ಸಂವಿಧಾನದ 350ನೆಯ ಅನುಚ್ಛೇದದಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಅರ್ಜಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಕನ್ನಡದಲ್ಲಿ ಬರೆಯಲು ಅಂಜಬೇಡಿರಿ. ಆದರೆ 2005ರ ಮಾಹಿತಿ ಹಕ್ಕಿನ ಅರ್ಜಿಯ ನಿಯಮ ಬೇರೆ; ಅದನ್ನು ಇಂಗ್ಲಿಷು, ಹಿಂದಿ ಇಲ್ಲವೆ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬೇಕು. ಇಲ್ಲಿ ಮರಾಠಿಯಲ್ಲಿ ಬರೆದರೆ ಕೆಲಸ ಕೆಡುವುದಿಲ್ಲ. ಭಾಷಿಕ ಅಲ್ಪಸಂಖ್ಯಾತರ ರಕ್ಷಣೆಯ ಏರ್ಪಾಡಿನಂತೆ ಶೇಕಡಾ 15ರಷ್ಟು ಜನ ಆಡುವ ಭಾಷೆಯಲ್ಲಿ ಮಹತ್ವದ ಸರಕಾರಿ ಸೂಚನೆಗಳು ಪ್ರಕಟವಾಗಬೇಕು. ಮೋಟಾರಿನ ವೇಳಾಪತ್ರಿಕೆ ಕನ್ನಡದಲ್ಲಿಯೂ ಇರಲೆಂದು ಕೇಳಲು ಇದೇ ಆಧಾರ.

ಕೊನೆಯದಾಗಿ ಒಂದು ಮಾತು. ನಿಲ್ದಾಣದಲ್ಲಿ ನಮ್ಮೊಡನೆ ನಿಂತಿರುವ ಮರಾಠಿಯ ನೆರೆಯವನಿಗೂ ಅದೇ ಗಾಡಿ ಬೇಕು. ಅವನ ಮಗಳೂ ಅದೇ ಶಾಲೆಗೆ ಹೋಗಬೇಕು. ವಹಿಯಲ್ಲಿ ಅವನ ಹೆಸರೂ ಇರಲಿ, ಠರಾವಿನ ಮೇಲೆ ಅವನ ಸಹಿಯೂ ಇರಲಿ. ಇದರಿಂದ ನಮ್ಮ ಕನ್ನಡತನಕ್ಕೆ ಕುಂದಿಲ್ಲ, ಅರ್ಜಿಗೆ ಬಲವುಂಟು.

ಗಡಿಯ ನಿರ್ಣಯವು ನಮ್ಮ ಕೈಯಲ್ಲಿಲ್ಲ. ಗಾಡಿಯ ಲೆಕ್ಕ ಕೇಳುವುದು ನಮ್ಮ ಕೈಯಲ್ಲಿದೆ. ಈ ಸಭೆ ಮುಗಿದೊಡನೆ ಆ ವಹಿಯ ಮೊದಲ ಪುಟದ ಮೇಲೆ ನಾಳಿನ ತಾರೀಖು ಹಾಕಿ, ಬರೆಯುವ ಕೆಲಸವನ್ನು ಊರಿನ ಇಬ್ಬರು ತರುಣರಿಗೆ ಒಪ್ಪಿಸಬೇಕೆಂದು ವಿನಂತಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.