ಪೂರ್ಣಯ್ಯನವರ ಗಡಿ, ನಮ್ಮ ಸೀಮೆ



ಮೈಸೂರಿನ ದಿವಾನ್ ಪೂರ್ಣಯ್ಯ ಎಂದರೆ ನಮಗೆ ಶ್ರೀರಂಗಪಟ್ಟಣ, ಯಳಂದೂರು ನೆನಪಾಗುತ್ತವೆ. ಆದರೆ ಅವರು ಈಸ್ಟ್ ಇಂಡಿಯಾ ಕಂಪನಿಯ ಕಣ್ಗಾವಲಿನಲ್ಲಿ ಆಡಳಿತ ನಡೆಸಿದಾಗ ಅವರನ್ನು ಹೆಚ್ಚು ಚಿಂತೆಗೆ ಹಚ್ಚಿದ ಗಡಿ ನಮ್ಮದು. ಹಿರಿಯೂರಿನಿಂದ ಚಿತ್ರದುರ್ಗ, ಹೊಳಲ್ಕೆರೆ ದಾಟಿ ತುಂಗಭದ್ರೆಯ ದಂಡೆಯವರೆಗಿನ ಸೀಮೆ. ಒನಕೆ ಓಬವ್ವನನ್ನೂ ಮದಕರಿ ನಾಯಕನನ್ನೂ ಹಾಡಿ ಹೊಗಳುವ ನಾವು, 1779ರಲ್ಲಿ ದುರ್ಗದ ಕೋಟೆ ಹೈದರ್ ಅಲಿಯ ಕೈಗೆ ಬಿದ್ದ ಮೇಲಿನ ಕಾಲವನ್ನು ಕಡೆಗಣಿಸಿದ್ದೇವೆ. ಅಂದು ಹೈದರ್ ಇಪ್ಪತ್ತು ಸಾವಿರದಷ್ಟು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಹುಡುಗರನ್ನು ಚೇಲಾ ಎಂಬ ತನ್ನ ಪಡೆಗೆ ಸೇರಿಸಿದ. ಹೀಗೆ ಮನೆಗಳು ಒಡೆದ ನಾಡು ಇದು.

ಪೂರ್ಣಯ್ಯನವರೂ ಬಡತನ ಉಂಡವರೇ. ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡರು, ತಾಯಿ ಕಂಡವರ ಮನೆಯಲ್ಲಿ ದುಡಿದು ಮಕ್ಕಳನ್ನು ಸಾಕಿದರು. ಹುಡುಗ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತ. ಮುಂದೆ ಹೈದರನ ದಂಡಿಗೆ ದಿನಸಿ ಒದಗಿಸುತ್ತಿದ್ದ ಅನ್ನದಾನ ಶೆಟ್ಟರ ಬಳಿ ಸೇರಿ, ಅಲ್ಲಿಂದ ಅರಮನೆಯ ತೋಷಖಾನೆ ಮುಟ್ಟಿದ. ಒಂದು ದಂಡು ನಡೆಯಬೇಕಾದರೆ ಎಷ್ಟು ಅಕ್ಕಿ, ಎಷ್ಟು ಎತ್ತು ಬೇಕೆಂಬ ಲೆಕ್ಕ ಅವರಿಗೆ ಕರಗತವಾದದ್ದು ಹೀಗೆ.

1799ರ ಮೇ 4ರಂದು ಹೈದರನ ಮಗ ಟಿಪ್ಪು ಮಡಿದ. ಜೂನ್ 30ರಂದು ಇನ್ನೂ ಐದು ತುಂಬದ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಮಗು ದೊರೆ, ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹದ ಕಪ್ಪ, ಜೊತೆಗೆ ಹೊತ್ತಿ ಉರಿಯುವ ಗಡಿ. ಇವಿಷ್ಟೂ ಪೂರ್ಣಯ್ಯನವರ ಹೆಗಲಿಗೆ ಬಿದ್ದವು. ಚನ್ನಗಿರಿಯ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ಬಿಡಿಸಿಕೊಂಡು ಶಿಕಾರಿಪುರ, ಬಿದನೂರಿನ ಕಡೆ ದಂಡು ಕಟ್ಟಿದ್ದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಗುಂಪುಗುಂಪಾಗಿ ಅವನನ್ನು ಸೇರಿದರು. ಅವರಲ್ಲಿ ಬಹಳ ಮಂದಿಯನ್ನು ಅಲ್ಲಿಗೆ ಎಳೆದದ್ದು ಹೊಟ್ಟೆಪಾಡು ಎಂದೇ ನನ್ನ ನಂಬಿಕೆ.

ಧೋಂಡಿಯನನ್ನು ಹತ್ತಿಕ್ಕಲು 1800ರ ಜೂನ್‌ನಲ್ಲಿ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ನಮ್ಮ ದುರ್ಗದ ದಾರಿಯಲ್ಲೇ ನಡೆದು, ಹರಿಹರದಲ್ಲಿ ಹರಿಗೋಲುಗಳಲ್ಲಿ ಹೊಳೆ ದಾಟಿತು. ಅಕ್ಕಿ, ಎತ್ತು, ಮೈಸೂರಿನ ಸಿಲ್ಲೇದಾರ ಕುದುರೆಪಡೆ, ಎಲ್ಲಕ್ಕೂ ಪೂರ್ಣಯ್ಯನವರೇ ದಿಕ್ಕು. ಸೆಪ್ಟೆಂಬರ್ 10ರಂದು ಧೋಂಡಿಯ ಕೊನೆಯಾದ. ಅವನ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ಸಾಕಲು ಹಣ ಇಟ್ಟು ಹೋದ. ಬೆಳೆದ ಮೇಲೆ ಹುಡುಗ ಮೈಸೂರು ಅರಸರ ಸೇವೆಗೇ ಸೇರಿದ.

ಹೊಳಲ್ಕೆರೆಯ ಕಥೆಯನ್ನು ಬಿಡಿಸಿ ಹೇಳಬೇಕು. ಟಿಪ್ಪುವಿನ ರಾಜ್ಯವನ್ನು ಹಂಚಿದ 1799ರ ಪಾಲುಪಟ್ಟಿಯಲ್ಲಿ ಅದು ಮೈಸೂರಿಗೆ ದಕ್ಕಲಿಲ್ಲ. 1803ರಲ್ಲಿ ವೈನಾಡು ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟು, ಹೊಳಲ್ಕೆರೆ, ಮಾಯಕೊಂಡ, ಹರಿಹರಗಳನ್ನು ಮೈಸೂರು ಪಡೆಯಿತು. ಎಲ್ಲೋ ದೂರದ ಮಲೆನಾಡನ್ನು ಬಿಟ್ಟು ಈ ಬಯಲುಸೀಮೆಯನ್ನು ಪಡೆದದ್ದರಿಂದ ಮೈಸೂರಿನ ಎಲ್ಲೆ ಈ ಭಾಗದಲ್ಲಿ ತುಂಗಭದ್ರೆಯನ್ನು ಮುಟ್ಟಿತು. ಗಡಿಯಾಚೆ ಗದ್ದಲವೆದ್ದರೆ ತಡೆಯಲು ನಡುವೆ ಒಂದು ಹೊಳೆಯಾದರೂ ಸಿಕ್ಕಿತು.

ಪೂರ್ಣಯ್ಯ ಮೆದು ಮನುಷ್ಯರೇನಲ್ಲ. ಅವರ ಕಾಲದಲ್ಲೇ, 1802ರಲ್ಲಿ, ದಂಗೆ ಎದ್ದ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕನನ್ನು ಗಲ್ಲಿಗೇರಿಸಲಾಯಿತು. ಆದರೆ ನೇಣಿನಿಂದ ಗಡಿ ತಣ್ಣಗಾಗದು ಎಂಬುದೂ ಅವರಿಗೆ ತಿಳಿದಿತ್ತು. ಪಾಳೆಯಗಾರ ಮನೆತನಗಳಿಗೆ ಮಾಸಾಶನ ಕಟ್ಟಿದರು. ಅವರ ಹಳೆಯ ಬಂಟರನ್ನು ಕಂದಾಚಾರ ಎಂಬ ಕಾವಲು ಪಡೆಗೆ ತೆಗೆದುಕೊಂಡರು. ಕಂದಾಚಾರದವನು ತನ್ನೂರಲ್ಲೇ ಇದ್ದು, ಹೊಲ ಉಳುತ್ತ, ಕರೆ ಬಂದಾಗ ಕೋಟೆ ಕಾಯುತ್ತಿದ್ದ. ಅವನ ಮನೆಯ ಒಲೆ ಉರಿಯುವುದು ಸರ್ಕಾರದ ಸಂಬಳದಿಂದ ಎಂದಾದ ಮೇಲೆ, ಅವನು ಬಂಡಾಯಕ್ಕೆ ಏಕೆ ಹೋದಾನು? ತಾಯಿಯ ದುಡಿಮೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗಿರಬೇಕು ಎಂದು ನನಗೆ ಅನ್ನಿಸುತ್ತದೆ.

1811ರಲ್ಲಿ ಅವರು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲಾದ ಹಣವಿತ್ತು. ಮರುವರ್ಷವೇ ತೀರಿಕೊಂಡರು.  

ಆದರೆ ಪೂರ್ಣಯ್ಯ ಕೂಡಿಟ್ಟ ಹಣ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕರಗಿತು. ಸೈನಿಕರ ಸಂಬಳ ತಿಂಗಳುಗಟ್ಟಲೆ ಬಾಕಿ ಬಿತ್ತು, ಇಂತಿಷ್ಟು ಕಂದಾಯ ತಂದೇ ತೀರಬೇಕೆಂದು ಅಮಲ್ದಾರರಿಗೆ ಕಟ್ಟುಹಾಕಿದ ಶರತ್ತು ಪದ್ಧತಿ ರೈತರನ್ನು ಹಿಂಡಿತು. 1830ರಲ್ಲಿ ನಗರ ಸೀಮೆಯ, ಅಂದರೆ ಬಿದನೂರಿನ ಕಡೆಯ, ರೈತರು ದಂಗೆ ಎದ್ದರು, ತರೀಕೆರೆಯ ಪಾಳೆಯಗಾರ ಅವರ ಜೊತೆ ನಿಂತ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕಂಪನಿಯ ವಶಕ್ಕೆ ತೆಗೆದುಕೊಂಡ.