ಕಡಲಿಗೂ ನುಗ್ಗಿದ ಪರಸ್ಥಳದ ಜೀವಿಗಳು

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ನೀಡಿದ ಭಾಷಣ)



ಹೊರನಾಡಿನಿಂದ ಬಂದ ಕಳೆ, ಕೀಟಗಳ ಹಾವಳಿ ಎಂತಹುದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕ ಖಂಡದ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು, ಈಗ ನಮ್ಮ ಬದು, ಬೀಳು, ರಸ್ತೆಯ ಅಂಚುಗಳನ್ನೆಲ್ಲ ಆವರಿಸಿದೆ. ಅದೇ ಖಂಡದ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಬೆಳೆಯಲ್ಲಿ ಪತ್ತೆಯಾಯಿತು. ಇದೇ ಬಗೆಯ ಪಿಡುಗು ಸಮುದ್ರದಲ್ಲಿಯೂ ಉಂಟು. ನೀರಿನೊಳಗೆ ನಡೆಯುವುದರಿಂದ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಅದನ್ನು ಹುಡುಕಿ ಲೆಕ್ಕವಿಡಲು ಜೀವಮಾನವನ್ನೇ ಮುಡಿಪಾಗಿಟ್ಟ ವಿಜ್ಞಾನಿ ಅಮೆರಿಕದ ಡಾ. ಜೇಮ್ಸ್ ಕಾರ್ಲ್ಟನ್. ಅವರ ಕೆಲಸದಿಂದ ಬೇಸಾಯಗಾರರೂ ಕಲಿಯತಕ್ಕ ಪಾಠಗಳಿವೆ.

ಕಾರ್ಲ್ಟನ್ ಅವರು 1948ರಲ್ಲಿ ಹುಟ್ಟಿದವರು. ಬೆಳೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಸುಪಾಸಿನಲ್ಲಿ. ಹದಿನಾಲ್ಕರ ವಯಸ್ಸಿನಲ್ಲಿ, 1962ರಲ್ಲಿ, ಓಕ್‌ಲ್ಯಾಂಡ್ ನಗರದ ಉಪ್ಪುನೀರಿನ ಸರೋವರದಲ್ಲಿ ಸುಣ್ಣದ ಕೊಳವೆ ಕಟ್ಟಿಕೊಂಡು ಬಾಳುವ ಒಂದು ಹುಳು ಅವರ ಕಣ್ಣಿಗೆ ಬಿತ್ತು. ಅದು ಆಸ್ಟ್ರೇಲಿಯಾ ಕಡೆಯದೆಂದು ತಿಳಿದಾಗ, ಇಷ್ಟು ದೂರ ಅದು ಬಂದುದಾದರೂ ಹೇಗೆ ಎಂಬ ಪ್ರಶ್ನೆ ಹುಟ್ಟಿತು. ಮುಂದೆ ಅದೇ ಅವರ ವೃತ್ತಿಯಾಯಿತು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಗಿನಿಂದ ಬಂದ ಬೆನ್ನೆಲುಬಿಲ್ಲದ ಪ್ರಾಣಿಗಳ ಇತಿಹಾಸವನ್ನು ಕುರಿತು ಪ್ರಬಂಧ ಬರೆದು, 1979ರಲ್ಲಿ ಅವರು ಡಾಕ್ಟರೇಟ್ ಪಡೆದರು.

ಈ ಜೀವಿಗಳು ಬಂದ ದಾರಿಗಳಲ್ಲಿ ಒಂದು ರೈತರಿಗೆ ಚೆನ್ನಾಗಿ ಪರಿಚಿತವಾದದ್ದು. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಕೂಡಿಸುವ ರೈಲುಮಾರ್ಗ ಮುಗಿಯಿತು. ಅಲ್ಲಿಂದಾಚೆಗೆ ಅಟ್ಲಾಂಟಿಕ್ ಕರಾವಳಿಯ ಸಿಂಪಿಗಳನ್ನು ರೈಲಿನಲ್ಲಿ ತಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಸಾಕತೊಡಗಿದರು. ಸಿಂಪಿಗಳ ಸಂದುಗೊಂದುಗಳಲ್ಲಿ ಹುಳು, ಬಸವನಹುಳು, ಸಣ್ಣ ಚಿಪ್ಪುಜೀವಿಗಳೂ ಸೇರಿ ಬಂದವು. ಶುದ್ಧಿ ಮಾಡದ ಬಿತ್ತನೆ ಬೀಜದೊಡನೆ ಕಳೆಬೀಜ ಬರುವ ಹಾಗೆಯೇ ಇದು.

ಇನ್ನೊಂದು ದಾರಿ ಹಡಗಿನ ಹೊಟ್ಟೆಯ ನೀರು. ಸರಕಿಲ್ಲದ ಹಡಗು ಸಮುದ್ರದಲ್ಲಿ ತೂಗಾಡಿ ಮಗುಚದಿರಲು, ಹೊರಡುವ ಬಂದರಿನ ನೀರನ್ನೇ ತೊಟ್ಟಿಗಳಲ್ಲಿ ತುಂಬಿಕೊಳ್ಳುತ್ತದೆ. ಇದಕ್ಕೆ ಬ್ಯಾಲಸ್ಟ್ ನೀರು ಎನ್ನುತ್ತಾರೆ. ಸರಕು ತುಂಬುವ ಬಂದರಿನಲ್ಲಿ ಅದನ್ನು ಹೊರಚೆಲ್ಲುತ್ತದೆ. ನೀರಿನೊಡನೆ ಸಾವಿರಾರು ಮೈಲಿಯಾಚೆಯ ಜೀವಿಗಳೂ ಇಳಿಯುತ್ತವೆ. ಕಾರ್ಲ್ಟನ್ ಮತ್ತು ಅವರ ಸಹೋದ್ಯೋಗಿ ಗೆಲ್ಲರ್, ಜಪಾನಿನಿಂದ ಆರೆಗಾನ್ ರಾಜ್ಯದ ಕೂಸ್ ಬೇ ಬಂದರಿಗೆ ಬಂದ 159 ಹಡಗುಗಳ ನೀರನ್ನು ಪರೀಕ್ಷಿಸಿದರು. ಅದರಲ್ಲಿ 367 ಬಗೆಯ ಜೀವಿಗಳು ಸಿಕ್ಕವು. ಈ ವರದಿ 1993ರಲ್ಲಿ ಪ್ರಕಟವಾಯಿತು.

ಇದರಿಂದಾಗುವ ನಷ್ಟಕ್ಕೆ ಒಂದು ನಿದರ್ಶನ ಸಾಕು. 1986ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರ ಭಾಗದಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಏಷ್ಯಾದ ಮೂರು ಕಪ್ಪೆಚಿಪ್ಪುಗಳು ದೊರೆತವು. ಗಾತ್ರ ಸುಮಾರು ಒಂದು ಅಂಗುಲ. ಮರು ಬೇಸಿಗೆಯ ಹೊತ್ತಿಗೆ ಕೆಲವೆಡೆ ಒಂದು ಚದರ ಮೀಟರಿಗೆ 10,000ಕ್ಕೂ ಹೆಚ್ಚು ಚಿಪ್ಪುಗಳಿದ್ದವು. ನೀರನ್ನು ಸೋಸಿ ತಿನ್ನುವ ಈ ಜೀವಿಗಳು, ಪ್ರತಿ ಬೇಸಿಗೆಯಲ್ಲಿ ಅಲ್ಲಿ ಹೇರಳವಾಗುತ್ತಿದ್ದ ತೇಲುವ ಸೂಕ್ಷ್ಮ ಸಸ್ಯಗಳನ್ನು ಬರಿದುಮಾಡಿದವು. ಸೂಕ್ಷ್ಮ ಸಸ್ಯ ಹೋದ ಮೇಲೆ ಅದನ್ನು ತಿಂದು ಬದುಕುವ ಕಿರುಪ್ರಾಣಿಗಳು ಕಡಿಮೆಯಾದವು. ಕಿರುಪ್ರಾಣಿ ತಗ್ಗಿದ ಮೇಲೆ ಮೀನಿನ ಆಹಾರಕ್ಕೆ ಕೊರತೆ ಬಿತ್ತು. ಊರ ಗೋಮಾಳವನ್ನು ಹೊರಗಿನ ಮಂದೆ ಬೇರುಸಹಿತ ಮೇದು ಹೋದರೆ ಊರ ದನಗಳಿಗೆ ಒದಗುವ ಗತಿಯೇ ಇದು. ಮಂದೆಯನ್ನಾದರೂ ಹೊಡೆದಟ್ಟಬಹುದು. ಈ ಚಿಪ್ಪನ್ನು ಇಂದಿಗೂ ಕೊಲ್ಲಿಯಿಂದ ತೆಗೆಯಲಾಗಿಲ್ಲ.

ಕಾರ್ಲ್ಟನ್ ಮತ್ತು ಕೋಹೆನ್ 1998ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ಒಂದೇ ಕೊಲ್ಲಿಯಲ್ಲಿ ಪರಸ್ಥಳದ 234 ಜಾತಿಯ ಜೀವಿಗಳು ನೆಲೆಯೂರಿದ್ದವು. 1851ರಿಂದ 1960ರವರೆಗೆ ಸರಾಸರಿ 55 ವಾರಕ್ಕೊಂದು ಹೊಸ ಜಾತಿ ಸೇರುತ್ತಿತ್ತು. 1961ರಿಂದ 1995ರವರೆಗೆ 14 ವಾರಕ್ಕೊಂದು ಸೇರತೊಡಗಿತು. ಕಾರ್ಲ್ಟನ್ ಅವರು ಮತ್ತೊಂದು ಎಚ್ಚರಿಕೆಯನ್ನೂ ಕೊಟ್ಟರು. ಎಷ್ಟೋ ಜೀವಿಗಳು ಸ್ಥಳೀಯವೋ ಹೊರಗಿನವೋ ಎಂದು ಹೇಳಲು ಆಧಾರವೇ ಇರುವುದಿಲ್ಲ. ಅಂಥವನ್ನು ಸುಮ್ಮನೆ ಸ್ಥಳೀಯವೆಂದು ಬರೆದುಬಿಡಬಾರದು. ಮೂಲ ತಿಳಿಯದವು ಎಂದು ಪ್ರತ್ಯೇಕವಾಗಿ ಪಟ್ಟಿಮಾಡಬೇಕು. ಇವುಗಳಿಗೆ 1996ರಲ್ಲಿ ಅವರು ಕ್ರಿಪ್ಟೋಜೆನಿಕ್ ಎಂಬ ಹೆಸರಿಟ್ಟರು.

2011ರ ಮಾರ್ಚಿನಲ್ಲಿ ಜಪಾನಿಗೆ ಸುನಾಮಿ ಅಪ್ಪಳಿಸಿದ ಮೇಲೆ ಹೊಸದೊಂದು ದಾರಿ ತೆರೆಯಿತು. ಮರುವರ್ಷ ಜೂನ್ ತಿಂಗಳಿನಲ್ಲಿ ಮಿಸಾವಾ ಬಂದರಿನ ತೇಲುಕಟ್ಟೆಯೊಂದು ಜೀವಂತ ಪ್ರಾಣಿಗಳನ್ನು ಹೊತ್ತು ಆರೆಗಾನ್ ತೀರ ಸೇರಿತು. ಕಾರ್ಲ್ಟನ್ ಅವರ ತಂಡ 2017ರವರೆಗೆ ಇಂತಹ 600ಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷಿಸಿ, ಜಪಾನಿನ 289 ಜಾತಿಯ ಜೀವಿಗಳನ್ನು ಗುರುತಿಸಿತು. ಮರ ಬೇಗ ಕರಗಿಹೋಗುತ್ತದೆ. ಪ್ಲಾಸ್ಟಿಕ್ ಕರಗದೆ ವರ್ಷಗಟ್ಟಲೆ ತೇಲಿ, ಜೀವಿಗಳಿಗೆ ದೋಣಿಯಾಗುತ್ತದೆ.

ಇಂತಹ ಅಧ್ಯಯನಗಳ ಫಲವಾಗಿ ಕಾನೂನುಗಳೂ ಬಂದವು. ಬ್ಯಾಲಸ್ಟ್ ನೀರಿನ ನಿಯಂತ್ರಣಕ್ಕಾಗಿ 2004ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದಿತು. ಅದರಂತೆ ಹಡಗುಗಳು ನೀರನ್ನು ಸೋಸಿ, ಜೀವಿಗಳನ್ನು ಕೊಂದು, ಆಮೇಲೆ ಹೊರಬಿಡಬೇಕು. ಬಂದ ಮೇಲೆ ಹೆಣಗುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಮೇಲೆಂಬುದು ಇದರ ತಿರುಳು.

ಹೊರಗಿನದೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮುಸುಕಿನ ಜೋಳ, ಮೆಣಸಿನಕಾಯಿ, ನೆಲಗಡಲೆ ಎಲ್ಲವೂ ಹೊರಗಿನಿಂದ ಬಂದವೇ. ಪಾರ್ಥೇನಿಯಂ ತಿನ್ನುವ ಮೆಕ್ಸಿಕೋ ದುಂಬಿಯನ್ನೂ ಬೆಂಗಳೂರಿನಲ್ಲಿ ಪರೀಕ್ಷಿಸಿ 1984ರಲ್ಲಿ ಬಿಡುಗಡೆ ಮಾಡಲಾಯಿತು. ತಿಳಿದು, ಪರೀಕ್ಷಿಸಿ ತರುವುದು ಬೇರೆ. ತಿಳಿಯದೆ ನುಗ್ಗಿಬರುವುದು ಬೇರೆ.

ಆದ್ದರಿಂದ ರೈತರು ಮೂರು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬೀಜ, ಸಸಿ, ಗೊಬ್ಬರ ತರುವಾಗ ಕಳೆ ಕೀಟಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬೇರೆ ಊರಿನಲ್ಲಿ ದುಡಿದು ಬಂದ ಟ್ರಾಕ್ಟರ್, ಕೊಯ್ಲು ಯಂತ್ರಗಳ ಮಣ್ಣು ಕಸವನ್ನು ತೊಳೆದ ನಂತರವೇ ಹೊಲಕ್ಕಿಳಿಸಿ. ಎರಡನೆಯದಾಗಿ, ಗುರುತಿಲ್ಲದ ಗಿಡ ಅಥವಾ ಹುಳು ಕಂಡರೆ ಕಿತ್ತು ಕಾಲುವೆಗೆ ಎಸೆಯಬೇಡಿ. ಮಾದರಿಯನ್ನು ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟು, ಆ ವಾರವೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತಲುಪಿಸಿ. ಮೂರನೆಯದಾಗಿ, ಊರಿನ ಕಳೆ ಕೀಟಗಳನ್ನು ವರ್ಷಕ್ಕೊಮ್ಮೆ ಪಟ್ಟಿಮಾಡಿ ಇಡಿ. ವಿಸ್ತರಣಾ ಕಾರ್ಯಕರ್ತರು ಇದಕ್ಕೆ ನೆರವಾಗಬೇಕು. ಹಿಂದೆ ಏನಿತ್ತೆಂದು ಬರೆದಿಟ್ಟಿದ್ದರೆ ಮಾತ್ರ ಹೊಸದಾಗಿ ಬಂದದ್ದು ಯಾವುದೆಂದು ಗೊತ್ತಾಗುತ್ತದೆ. ಕೊಲ್ಲಿಯಲ್ಲಿ ಮೊದಲು ಸಿಕ್ಕಿದ್ದು ಮೂರೇ ಚಿಪ್ಪು ಎಂಬುದನ್ನು ಮರೆಯಬೇಡಿ.